ಪುಸ್ತಕ, ಆ್ಯಪ್, ವಾಟ್ಸಾಪ್: ಮೂರನ್ನೂ ಮಾಡಿ ನೋಡಿದೆ

ಹೊಸದಾಗಿ ಬರೆಯುವ ಹುಡುಗರು ಸಿಕ್ಕರೆ ಕೇಳುವುದು ಒಂದೇ: ‘ಮೊದಲು ಪುಸ್ತಕ ಮಾಡಿಸಲಾ, ಇಲ್ಲ ಆ್ಯಪ್‌ನಲ್ಲಿ ಹಾಕಲಾ?’ ನಾನು ಎರಡನ್ನೂ ಮಾಡಿದ್ದೇನೆ. ಕೊನೆಗೆ ಕೈ ಹಿಡಿದದ್ದು ಮೂರನೆಯದು.

2020ರ ಫೆಬ್ರುವರಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಕಲಬುರಗಿಯಲ್ಲೇ ಆಯ್ತಲ್ಲ, ಪುಸ್ತಕ ಮಳಿಗೆಗಳ ಮುಂದಿನ ಜನ ನೋಡಿ ನನಗೆ ಹುಚ್ಚು ಹಿಡಿಯಿತು. ಮರು ತಿಂಗಳೇ ಲಾಕ್‌ಡೌನ್. ಮನೆಯಲ್ಲಿ ಕೂತು 11 ಕಥೆ ಬರೆದೆ. ಮುಂದಿನ ವರ್ಷ ಸ್ವಂತ ದುಡ್ಡಲ್ಲಿ 300 ಪ್ರತಿ ಹಾಕಿಸಿದೆ.

ಮುದ್ರಣದ ಮೊದಲ ಪೆಟ್ಟು ದುಡ್ಡಿನದಲ್ಲ, ಅಕ್ಷರದ್ದು. ನಾನು ಫೋನಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆ. ಪುಟ ಜೋಡಿಸುವ ಡಿಟಿಪಿಯವರದು ‘ನುಡಿ’ ತಂತ್ರಾಂಶ, ಅದರ ಅಕ್ಷರ ಜೋಡಣೆ ಬೇರೆ. ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪಿತು. ಪ್ರೂಫ್ ನಾನು ಅರ್ಧ ನಿದ್ದೆಯಲ್ಲಿ ನೋಡಿದೆ. ಪುಸ್ತಕ ಬಂದಾಗ ಮೊದಲ ಕಥೆಯ ಮೊದಲ ಸಾಲಲ್ಲೇ ‘ಸೂರ್ಯ’ ಹೋಗಿ ‘ಸೂಯರ್ ಮುಳುಗುತ್ತಿದ್ದ’! ಆಮೇಲೆ ಸುಮಾರು 30 ಸಾವಿರದ ಬಿಲ್ಲು. ಅಂಗಡಿಯವರು ನೂರಕ್ಕೆ 40 ಕಮಿಷನ್ ಕೇಳಿದರು. ಬಿಡುಗಡೆಯ ದಿನ ಶಾಲು, ಹಾರ, ಫೋಟೋ ಎಲ್ಲಾ ಆಯಿತು. ಬಂದವರಲ್ಲಿ ಜಾಸ್ತಿ ಜನ ನೆಂಟರು, ಅವರಿಗೆ ಪುಸ್ತಕ ಪುಕ್ಕಟೆ. ಎರಡು ವರ್ಷ ನಮ್ಮ ಮಂಚದ ಕೆಳಗೆ 170 ಪ್ರತಿ ಇದ್ದವು. (ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್‌ಗೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಪುಕ್ಕಟೆಯಾಗಿಯೇ ಕೊಡುತ್ತದೆ.)

ಆಮೇಲೆ ಕಥೆಗಳ ಒಂದು ಆ್ಯಪ್. ಖರ್ಚಿಲ್ಲ, ಅದು ನಿಜ. ದಿನಾ ಒಂದು ಕಂತು ಹಾಕಿದರೆ ಅಂಕಿ ಏರುತ್ತದೆ. ಆದರೆ ಅಲ್ಲಿ ಓಡುವುದು ಅತ್ತೆ–ಸೊಸೆ, ಶ್ರೀಮಂತ ಹುಡುಗ. ನಾನೂ ಮೂರು ತಿಂಗಳು ಹಾಗೇ ಬರೆದೆ. ‘ಸೂಪರ್’, ‘ಮುಂದಿನ ಭಾಗ ಬೇಗ ಹಾಕಿ’ ಇಷ್ಟೇ ಬಂತು. ಒಂದು ವಾರ ಜ್ವರ ಬಂದು ಮಲಗಿದೆ, ಯಾರೂ ಕೇಳಲಿಲ್ಲ. ದಿನಾ ಬರೆಯುವ ಅಭ್ಯಾಸ ಮಾತ್ರ ಅಲ್ಲಿಂದಲೇ ಬಂದದ್ದು. ಆ ಸಾಲ ಇದೆ.

ಮೂರನೆಯದು ವಾಟ್ಸಾಪ್. ಗ್ರೂಪ್ ಅಲ್ಲ, ಬ್ರಾಡ್‌ಕಾಸ್ಟ್ ಲಿಸ್ಟ್. ಅದರಲ್ಲಿ ಒಂದೇ ಮೆಸೇಜ್ ಲಿಸ್ಟಿನ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಗ್ರೂಪಿನಲ್ಲಿ ಕಥೆ ಹಾಕಿದರೆ ಗುಡ್ ಮಾರ್ನಿಂಗ್ ಹೂವುಗಳ ನಡುವೆ ಕಳೆದುಹೋಗುತ್ತದೆ. ಬ್ರಾಡ್‌ಕಾಸ್ಟ್‌ನಲ್ಲಿ ಒಂದು ಲಿಸ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ತೊಂದರೆ ಅನ್ನಿಸಬಹುದು, ನನಗೆ ಅದೇ ಒಳ್ಳೆ ಜರಡಿ. ನಂಬರ್ ಸೇವ್ ಮಾಡಲೂ ಬೇಜಾರು ಪಡುವವರು ಕಥೆ ಓದುತ್ತಾರಾ? ನಾನು 38 ಜನರಿಂದ ಶುರು ಮಾಡಿದೆ.

ಶನಿವಾರ ರಾತ್ರಿ ಎಂಟೂವರೆಗೆ ಒಂದು ಸಣ್ಣ ಕಥೆ. ಮೊದಲೆರಡು ಸಲ ಪಿಡಿಎಫ್ ಕಳಿಸಿದೆ, ಬಹಳ ಜನ ತೆರೆಯಲೇ ಇಲ್ಲ. ಈಗ ನೇರ ಮೆಸೇಜೇ. ಅದು ಉದ್ದವಾದರೆ ವಾಟ್ಸಾಪ್ ಅದನ್ನು ಮಡಚಿ ಮೊದಲ ಭಾಗ ಮಾತ್ರ ತೋರಿಸುತ್ತದೆ, ಉಳಿದದ್ದು ಓದಲು ಒತ್ತಬೇಕು. ಹಾಗಾಗಿ ಆ ಮಡಿಕೆಗೆ ಮೊದಲೇ ಕಥೆ ಹಿಡಿಯಬೇಕು. ಸೂರ್ಯ ಮುಳುಗುವ ವರ್ಣನೆಯೆಲ್ಲ ತಾನಾಗಿಯೇ ಹೋಯಿತು. ಹೋಗಿದ್ದೇ ಒಳ್ಳೇದಾಯ್ತು, ಅಲ್ವಾ?

ಒಂದು ಕಥೆಯಲ್ಲಿ ‘ಅವಳು ಜೋಳದ ರೊಟ್ಟಿ ಲಟ್ಟಿಸುತ್ತಿದ್ದಳು’ ಅಂತ ಬರೆದಿದ್ದೆ. ಹತ್ತೇ ನಿಮಿಷದಲ್ಲಿ ನಮ್ಮ ಓಣಿಯ ಖಾನಾವಳಿ ಅಕ್ಕನ ವಾಯ್ಸ್ ಮೆಸೇಜ್. ಹಿಂದೆ ತಟ್ ತಟ್ ಸಪ್ಪಳ. ‘ಸರ್, ರೊಟ್ಟಿ ಲಟ್ಟಸ್ತಾರೇನ್ರೀ? ಬಡೀತಾರ್ರೀ. ಕೇಳ್ರಿ ಇಲ್ಲಿ.’ ಆ್ಯಪ್‌ನ ಸಾವಿರ ನಕ್ಷತ್ರಗಳಲ್ಲಿ ಒಂದೂ ಇದನ್ನು ಹೇಳಿರಲಿಲ್ಲ. ಒಂದು ಶನಿವಾರ ತಪ್ಪಿದರೆ ಭಾನುವಾರ ಬೆಳಿಗ್ಗೆ ಅದೇ ಅಕ್ಕ: ‘ಕಥಿ ಬರಲಿಲ್ಲಲ್ರೀ, ಆರಾಮ ಅದೀರಿಲ್ಲೋ?’

ದುಡ್ಡು? ವಾಟ್ಸಾಪ್‌ನಿಂದ ನೇರವಾಗಿ ಸೊನ್ನೆ. ಆದರೆ ಮಂಚದ ಕೆಳಗಿನ 170ರಲ್ಲಿ 110 ಖಾಲಿಯಾದದ್ದು ಈ ಲಿಸ್ಟಿನವರಿಂದಲೇ. ಪೂರ್ತಿ ಬೆಲೆಗೆ, ಕಮಿಷನ್ ಇಲ್ಲದೆ. ಪುಸ್ತಕ ಬೇಡ ಅಂತ ನಾನು ಹೇಳುವುದಿಲ್ಲ. ಓದುವವರು ಸೇರಿದ ಮೇಲೆ ಮಾಡಿಸಿ. ನಾನು ಉಲ್ಟಾ ಮಾಡಿದೆ.

ಈಗ ಲಿಸ್ಟಿನಲ್ಲಿ 212 ಜನ. ಎರಡನೇ ಪುಸ್ತಕಕ್ಕೆ 64 ಜನ ಮುಂಗಡವಾಗಿ ಹೆಸರು ಬರೆಸಿದ್ದಾರೆ. 100 ಆದ ದಿನ ಡಿಟಿಪಿಗೆ ಕೊಡುತ್ತೇನೆ. ಪ್ರೂಫ್ ಮಾತ್ರ ಈ ಸಲ ಹಗಲು ಹೊತ್ತಿನಲ್ಲೇ, ಖಾನಾವಳಿಯಲ್ಲಿ ಕೂತು.