ಆಯಸ್ಕಾಂತ ಬಿಚ್ಚಿದ ಮೇಲೆ: ಪೋರ್ಶೆ 917ಕೆ ಸ್ಲಾಟ್ ಕಾರಿನೊಂದಿಗೆ ಕೆಲವು ವರ್ಷ

ಸ್ಲಾಟ್ ಕಾರು ಎಂದರೆ ಟ್ರ್ಯಾಕಿನಲ್ಲಿ ಕೊರೆದ ಸೀಳಿನೊಳಗೆ ಸಾಗುತ್ತಾ ವಿದ್ಯುತ್ತಿನಿಂದ ಓಡುವ ಪುಟ್ಟ ಮಾದರಿ ಕಾರು. ಹೊಸದು ಪೆಟ್ಟಿಗೆಯಲ್ಲಿ ಎಷ್ಟು ಚೆಂದ ಕಾಣುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ವರ್ಷಗಟ್ಟಲೆ ಓಡಿಸಿದ ಮೇಲೆ ಅದು ಏನಾಗುತ್ತದೆ ಎಂದು ಬರೆಯುವವರು ಕಡಿಮೆ. ನನ್ನ ಬಳಿ ಇರುವುದು ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ 1970ರ 24 ಗಂಟೆಗಳ ಕಾರು ಪಂದ್ಯ ಗೆದ್ದ ಪೋರ್ಶೆ 917ಕೆ, ಸಂಖ್ಯೆ 23, 1:32 ಅಳತೆಯ (ನಿಜವಾದ ಕಾರಿನ 32ರಲ್ಲೊಂದು ಪಾಲು) ಮಾದರಿ. ಈ ಕಾರನ್ನು ಒಂದಕ್ಕಿಂತ ಹೆಚ್ಚು ಕಂಪನಿಗಳು ಮಾಡಿವೆ. ನಾನು ಹೇಳುವುದರಲ್ಲಿ ಬಹುಪಾಲು ಯಾವ ಕಂಪನಿಯ ಕಾರಿಗೂ ಸಲ್ಲುತ್ತದೆ.

ಮೊದಲು ರೂಪ. ಹಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಆಟ್‌ವುಡ್ ಸುರಿಯುವ ಮಳೆಯಲ್ಲಿ ಓಡಿಸಿ ಪೋರ್ಶೆಗೆ ಲೆ ಮಾನ್ಸ್‌ನ ಮೊದಲ ಒಟ್ಟಾರೆ ಗೆಲುವು ತಂದುಕೊಟ್ಟ ಕಾರು ಇದು. ಕೆಂಪು ಮೈ, ಬಿಳಿ ಪಟ್ಟೆ. ಗಲ್ಫ್ ತೈಲ ಕಂಪನಿಯ ತಿಳಿನೀಲಿ–ಕಿತ್ತಳೆ ಬಣ್ಣದ 917ಕ್ಕೇ ಜನ ಹೆಚ್ಚು ಮರುಳಾಗುವುದು, ಆದರೆ ನನ್ನ ಕಣ್ಣಿಗೆ ಈ ಕೆಂಪೇ ಮೇಲು. ಟ್ರ್ಯಾಕಿನ ಆಚೆ ತುದಿಯಲ್ಲಿದ್ದರೂ ತಕ್ಷಣ ಗುರುತು ಸಿಗುತ್ತದೆ. ಉದ್ದ ಸುಮಾರು 13 ಸೆಂಟಿಮೀಟರ್, ಎತ್ತರ 3 ಸೆಂಟಿಮೀಟರಿಗೂ ಕಡಿಮೆ. ಪಟ್ಟೆಗಳ ಅಂಚು ಭೂತಗನ್ನಡಿ ಹಿಡಿದು ನೋಡಿದರೂ ನೇರವಾಗಿದೆ. ಎಂಜಿನ್ನಿನ ಮೇಲೆ ಮಲಗಿಸಿದಂತೆ ಕೂತ ಫ್ಯಾನನ್ನೂ ಬಿಟ್ಟಿಲ್ಲ. ಚಾಲಕನ ಮುಖ ಮಾತ್ರ ಯಾರದ್ದೂ ಅಲ್ಲ. ಬಣ್ಣ ಬಳಿಯುವಷ್ಟರಲ್ಲಿ ಕಾರ್ಖಾನೆಯವರಿಗೆ ಊಟದ ಹೊತ್ತಾಗಿತ್ತೇನೋ!

ಬದಿಯ ಕನ್ನಡಿಗಳು ಉಳಿಯುವುದಿಲ್ಲ. ಪಲ್ಟಿ ಹೊಡೆದಾಗ ಮೊದಲು ಹಾರುವುದು ಅವೇ. ಹೊಸದರಲ್ಲೇ ಕಿತ್ತು ಡಬ್ಬಿಯಲ್ಲಿಟ್ಟು, ಷೋಕೇಸಿಗೆ ಸೇರುವ ದಿನ ಅಂಟಿಸಿಕೊಳ್ಳಿ.

ಇನ್ನು ಓಟ. ನಿಜವಾದ 917 ಮೊದಲ ವರ್ಷ ಓಡಿಸುವವರನ್ನೇ ಹೆದರಿಸುತ್ತಿತ್ತು, ವೇಗ ಏರಿದಂತೆ ಹಿಂಬದಿ ಹಿಡಿತ ಬಿಡುತ್ತಿತ್ತು. 1969ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಜೆಲ್ಟ್‌ವೆಗ್‌ನಲ್ಲಿ ಪರೀಕ್ಷೆ ನಡೆಯುವಾಗ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಕಾರಿನ ಮೈಗೆ ಅಂಟಿ ಸತ್ತ ಹುಳುಗಳನ್ನು ಗಮನಿಸಿದರು. ಮೂತಿಯ ಮೇಲೆ ಬೇಕಾದಷ್ಟು, ಬಾಲದ ಮೇಲೆ ಇಲ್ಲವೇ ಇಲ್ಲ. ಗಾಳಿ ಬಾಲವನ್ನು ಮುಟ್ಟುತ್ತಲೇ ಇರಲಿಲ್ಲ ಎಂದಾಯಿತು. ಅಲ್ಲೇ ಅಲ್ಯೂಮಿನಿಯಂ ತಗಡು ಹೊಡೆದು ಬಾಲವನ್ನು ಎತ್ತರಿಸಿದರು, ಕಾರು ಹತೋಟಿಗೆ ಬಂತು. ಮಾದರಿಯಲ್ಲಿ ಆ ಎತ್ತಿದ ಬಾಲ ಬರೀ ನೋಟಕ್ಕೆ. ಈ ಗಾತ್ರದಲ್ಲಿ ಕಾರನ್ನು ನೆಲಕ್ಕೆ ಒತ್ತುವುದು ಗಾಳಿಯಲ್ಲ, ತಳದಲ್ಲಿರುವ ಆಯಸ್ಕಾಂತ. ಪ್ಲಾಸ್ಟಿಕ್ ಟ್ರ್ಯಾಕಿನ ಉಕ್ಕಿನ ಪಟ್ಟಿಗಳನ್ನು ಅದು ಕಚ್ಚಿ ಹಿಡಿಯುತ್ತದೆ.

ಆಯಸ್ಕಾಂತ ಇರುವಷ್ಟು ದಿನ ಕಾರು ತಿರುವಿನಲ್ಲಿ ಹಳಿಯ ಮೇಲಿನ ರೈಲಿನಂತೆ ಹೋಗುತ್ತದೆ. ವೇಗ ಹೆಚ್ಚುಕಡಿಮೆ ಮಾಡುವ ಕೈಯಲ್ಲಿನ ಟ್ರಿಗರನ್ನು ಪೂರ್ತಿ ಒತ್ತಿಯೇ ಇಡಬಹುದು. ಹಿಡಿತದ ಮಿತಿ ದಾಟಿದರೆ ಮಾತ್ರ ಎಚ್ಚರಿಕೆಯನ್ನೇ ಕೊಡದೆ ಮೇಜಿನಾಚೆ ಹಾರುತ್ತದೆ. ಮಕ್ಕಳಿಗೆ ಇದು ಸಾಕು, ನನಗೆ ಬೇಗ ಬೇಸರ ಬಂತು. ಮರದ ಹಲಗೆ ಕೊರೆದು ತಾಮ್ರದ ಪಟ್ಟಿ ಅಂಟಿಸಿದ ಟ್ರ್ಯಾಕಿನಲ್ಲಂತೂ ಆಯಸ್ಕಾಂತಕ್ಕೆ ಕಚ್ಚಲು ಏನೂ ಇರುವುದಿಲ್ಲ. ಹಾಗಾಗಿ ಬಿಚ್ಚಿ ತೆಗೆದೆ.

ತೆಗೆದ ಮೊದಲ ಸಂಜೆ ಈ ಕಾರು ಶುದ್ಧ ಅಯೋಗ್ಯ. ಕಾರಣ ಹಿಂದಿನ ಟೈರುಗಳು. ಅವು ಕಾರ್ಖಾನೆಯಿಂದಲೇ ಪೂರ್ತಿ ದುಂಡಗೆ ಬಂದಿರಲಿಲ್ಲ. ಆಯಸ್ಕಾಂತ ಮುಚ್ಚಿಟ್ಟಿದ್ದ ಕುಪ್ಪಳಿಕೆ ಈಗ ಕಿವಿಗೂ ಕೇಳಿಸಿತು. ಮರಳು ಕಾಗದವನ್ನು ಸಮತಟ್ಟಾದ ಹಲಗೆಗೆ ಅಂಟಿಸಿ, ಮೋಟಾರನ್ನು ಮೆಲ್ಲಗೆ ತಿರುಗಿಸುತ್ತಾ ಹಿಂದಿನ ಟೈರುಗಳನ್ನು ಅದರ ಮೇಲೆ ಹಗುರವಾಗಿ ಮುಟ್ಟಿಸಬೇಕು. ಮೊದಲು ಟೈರಿನ ಒಂದು ಅಂಚು ಮಾತ್ರ ಮಾಸಲಾಗುತ್ತದೆ, ಆಮೇಲೆ ಮಾಸಲು ಅಗಲವಾಗುತ್ತಾ ಹೋಗುತ್ತದೆ. ಪೂರ್ತಿ ಅಗಲ ಒಂದೇ ಬಣ್ಣಕ್ಕೆ ಬಂದಾಗ ನಿಲ್ಲಿಸಿ. ಮುಂದಿನ ಟೈರುಗಳಿಗೆ ಹಿಡಿತ ಬೇಡ, ಉಗುರುಬಣ್ಣದ ಒಂದು ತೆಳು ಪದರ ಬಳಿದು ನುಣುಪಾಗಿಸಿ. ಕಾರಿನ ಮೈಯನ್ನು ಷಾಸಿಗೆ (ತಳದ ಚೌಕಟ್ಟಿಗೆ) ಹಿಡಿದಿಡುವ ಸ್ಕ್ರೂಗಳನ್ನು ತುಸುವೇ ಸಡಿಲಿಸಿ. ಕಾರು ಕೈಯಲ್ಲಿ ಗಲಗಲ ಅಂದರೂ ತಿರುವಿನ ಅದುರು ಟೈರಿಗೆ ಬರುವುದು ತಗ್ಗುತ್ತದೆ. ಟ್ರ್ಯಾಕಿನ ಸೀಳಿನೊಳಗೆ ಇಳಿದು ಕಾರನ್ನು ದಾರಿಯಲ್ಲಿಡುವ ಗೈಡಿನ ಹಿಂದೆ ಸಣ್ಣ ಸೀಸದ ತುಂಡು ಅಂಟಿಸಿದರೆ ಮೂತಿ ಏಳುವುದಿಲ್ಲ.

ಇಷ್ಟಾದ ಮೇಲೆ ಇದರ ಓಟಕ್ಕೆ ನಾನು ಸೋತೆ. ಬಾಲ ಮೆಲ್ಲಗೆ ಹೊರಕ್ಕೆ ಸರಿಯುತ್ತದೆ, ಬೆರಳು ಸ್ವಲ್ಪ ಸಡಿಲಿಸಿದರೆ ಮರಳಿ ಸಾಲಿಗೆ ಬರುತ್ತದೆ. ಅಗಲ ಹೆಚ್ಚು, ಎತ್ತರ ಕಡಿಮೆ ಇರುವುದರಿಂದ ಉರುಳುವುದಕ್ಕಿಂತ ಜಾರುವುದೇ ಹೆಚ್ಚು. ಸುತ್ತಿನ ಸಮಯ ಆಯಸ್ಕಾಂತವಿದ್ದಾಗಿನದಕ್ಕಿಂತ ನಿಧಾನ, ನಿಜ. ಅದರ ಬಗ್ಗೆ ನನಗೆ ತಕರಾರಿಲ್ಲ.

ಸವೆತದ ವಿಷಯಕ್ಕೆ ಬಂದರೆ, ಮೋಟಾರು ಇನ್ನೂ ಮೊದಲಿನದೇ. ವಿದ್ಯುತ್ ಹೀರುವ ತಾಮ್ರದ ಬ್ರೇಡುಗಳನ್ನು ಮಾತ್ರ ಆಗಾಗ ಬದಲಿಸಬೇಕು, ಅವು ಕೆದರಿದರೆ ಕಾರು ಬಿಕ್ಕುತ್ತದೆ. ಅಚ್ಚಿಗೆ ಕೂದಲು, ನೂಲು ಸುತ್ತಿಕೊಳ್ಳುತ್ತವೆ, ಚಿಮಟದಿಂದ ಎಳೆದು ಒಂದು ಹನಿ ಎಣ್ಣೆ ಬಿಟ್ಟರಾಯಿತು. ಓಟಕ್ಕೆ ಮುಂಚೆ ಅಂಟುಪಟ್ಟಿಯ ಮೇಲೆ ಟೈರು ಉರುಳಿಸಿದರೆ ಧೂಳು ಹೋಗಿ ಹಿಡಿತ ಮರಳುತ್ತದೆ.

ಬರೀ ಕಪಾಟಿಗೆ ಬೇಕೆಂದರೆ ಇದೇ ಕಾರಿನ ಓಡದ ಲೋಹದ ಮಾದರಿ ಕೊಳ್ಳಿ, ಚಾಲಕನಿಗೆ ಒಳ್ಳೆಯ ಮುಖವಾದರೂ ಇರಬಹುದು. ಓಡಿಸುವುದಕ್ಕಾದರೆ ಕಾರಿನ ಜೊತೆಗೇ ಒಂದು ಜೊತೆ ಹಿಂದಿನ ಟೈರು ಮತ್ತು ಬ್ರೇಡುಗಳನ್ನೂ ತರಿಸಿಟ್ಟುಕೊಳ್ಳಿ.