ಹೊಸ ‘ಬೆನ್-ಹರ್’: ಜಿದ್ದೇ ಇಲ್ಲದ ರಥದ ಓಟ

ಹೋದ ವಾರ ಎರಡು ‘ಬೆನ್-ಹರ್’ ನೋಡಿದೆ. ಶನಿವಾರ 2016ರದ್ದು, ಭಾನುವಾರ 1959ರದ್ದು. ಉಲ್ಟಾ ನೋಡಬೇಕಿತ್ತು ಅಂತ ಅಣ್ಣ ಬೈದ. ನನಗೆ ಹಾಗನ್ನಿಸಲಿಲ್ಲ. ಹಳೆಯದನ್ನು ಮೊದಲು ನೋಡಿದ್ದರೆ ಹೊಸದನ್ನು ಅರ್ಧಕ್ಕೇ ಆಫ್ ಮಾಡಿ ಮಲಗುತ್ತಿದ್ದೆ. ಆಮೇಲೆ ಅದರ ಬಗ್ಗೆ ಬರೆಯುವುದಕ್ಕೆ ಮುಖವೂ ಇರುತ್ತಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಹಳೇ ಕ್ಲಾಸಿಕ್ಕುಗಳನ್ನು ಯಾರೂ ಮುಟ್ಟಬಾರದು ಅನ್ನುವ ಮಡಿ ನನಗಿಲ್ಲ. ಎಲ್ಲರೂ ಕೈಮುಗಿಯುವ 1959ರ ಸಿನಿಮಾನೇ ಒಂದು ರೀಮೇಕ್. ಲ್ಯೂ ವಾಲೇಸ್ 1880ರಲ್ಲಿ ಬರೆದ ಕಾದಂಬರಿ ಇದು. 1907ರಲ್ಲೇ ಅದರ ಮೇಲೆ ಒಂದು ಪುಟ್ಟ ಮೂಕಿ ಚಿತ್ರ ಬಂತು, ಅದೂ ಯಾರನ್ನೂ ಕೇಳದೆ. ಆ ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1911ರಲ್ಲಿ ಸಿನಿಮಾ ಮಾಡಿದವರು ಸೋತರು. 1925ರಲ್ಲಿ ಬಂದದ್ದು ಭಾರೀ ಖರ್ಚಿನ ಮೂಕಿ. ಅದರ ರಥದ ಓಟದ ಶೂಟಿಂಗಿನಲ್ಲಿ ಓಡಾಡಿಕೊಂಡಿದ್ದ ಸಹಾಯಕರಲ್ಲಿ ವಿಲಿಯಂ ವೈಲರ್ ಅಂತ ಒಬ್ಬ ಹುಡುಗನಿದ್ದ. ಮೂವತ್ತು ಚಿಲ್ಲರೆ ವರ್ಷ ಆದಮೇಲೆ 1959ರ ಚಿತ್ರ ನಿರ್ದೇಶಿಸಿದ್ದು ಅವನೇ. 11 ಆಸ್ಕರ್ ಬಂತು. ಹಾಗಾಗಿ ರೀಮೇಕ್ ಮಾಡಿದ್ದು ತಪ್ಪಲ್ಲ. ಮಾಡುವಾಗ ಏನು ಕಿತ್ತುಹಾಕಿದರು ಅನ್ನುವುದೇ ನನ್ನ ತಕರಾರು.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ. ಏಸುವಿನ ಕಾಲದ ಜೆರುಸಲೇಮ್. ಜೂಡಾ ಬೆನ್-ಹರ್ ದೊಡ್ಡ ಮನೆತನದ ಯಹೂದಿ. ಮೆಸಾಲಾ ಅವನ ಜೊತೆ ಆಡಿ ಬೆಳೆದ ರೋಮನ್. ಮೆಸಾಲಾ ಅಧಿಕಾರ ಹಿಡಿದು ವಾಪಸ್ ಬರುತ್ತಾನೆ, ಇಬ್ಬರೂ ಮುರಿದುಕೊಳ್ಳುತ್ತಾರೆ, ಜೂಡಾ ಹಡಗಿನಲ್ಲಿ ಹುಟ್ಟು ಹಾಕುವ ಜೀತಕ್ಕೆ ಹೋಗುತ್ತಾನೆ. ಅಲ್ಲಿಂದ ಬದುಕಿ ಬಂದು ರಥದ ಓಟದಲ್ಲಿ ಸೇಡು ತೀರಿಸಿಕೊಳ್ಳುತ್ತಾನೆ.

ಈಗ ಹೊಸದಕ್ಕೆ ಬರೋಣ. ನಿರ್ದೇಶಕ ತಿಮುರ್ ಬೆಕ್ಮಾಂಬೆಟೊವ್. ಜೂಡಾ ಆಗಿ ಜ್ಯಾಕ್ ಹ್ಯೂಸ್ಟನ್, ಮೆಸಾಲಾ ಆಗಿ ಟೋಬಿ ಕೆಬೆಲ್. ಮಾರ್ಗನ್ ಫ್ರೀಮನ್ ಕೂಡ ಇದ್ದಾರೆ, ತಲೆ ತುಂಬ ಜಟೆ ಬಿಟ್ಟುಕೊಂಡು. ಅವರು ಬಂದು ನಾಲ್ಕು ಮಾತಾಡಿದರೆ ಸುಮ್ನೆ ಕೇಳುತ್ತಾ ಕೂರಬಹುದು, ಆದರೆ ಆ ಧ್ವನಿ ಎಷ್ಟು ಅಂತ ಎಳೆಯುತ್ತದೆ ಪಾಪ. ಅವಧಿ ಎರಡು ಗಂಟೆಯ ಮೇಲೆ ಸ್ವಲ್ಪ. ಖರ್ಚು ಸುಮಾರು 10 ಕೋಟಿ ಡಾಲರ್, ಪ್ರಪಂಚದಲ್ಲೆಲ್ಲ ಸೇರಿ ಥಿಯೇಟರಿನಲ್ಲಿ ಅಷ್ಟೂ ಗಿಟ್ಟಲಿಲ್ಲ.

ಚೆನ್ನಾಗಿರುವುದನ್ನು ಮೊದಲು ಹೇಳುತ್ತೇನೆ. ಹಡಗಿನ ಯುದ್ಧ. ಇದೊಂದು ಮಾತ್ರ ಹಳೆಯದಕ್ಕಿಂತ ಮೇಲು. ಕ್ಯಾಮೆರಾ ಹೊರಗೆ ಹೋಗಿ ಸಮುದ್ರ ತೋರಿಸುವ ಗೋಜಿಗೇ ಹೆಚ್ಚು ಹೋಗುವುದಿಲ್ಲ, ಸರಪಳಿ ಹಾಕಿಸಿಕೊಂಡವರ ಜೊತೆ ಕೆಳಗೇ ಕೂರುತ್ತದೆ. ಹುಟ್ಟು ತೂರುವ ಕಿಂಡಿಯಲ್ಲಿ ಎಷ್ಟು ಕಾಣುತ್ತದೋ ಅಷ್ಟೇ ನಮಗೂ ಕಾಣುವುದು. ಮೇಲೆ ಯಾರು ಗೆಲ್ಲುತ್ತಿದ್ದಾರೆ ಗೊತ್ತಿಲ್ಲ, ಇದ್ದಕ್ಕಿದ್ದ ಹಾಗೆ ಗೋಡೆ ಸೀಳಿಕೊಂಡು ಇನ್ನೊಂದು ಹಡಗಿನ ಮೂತಿ ಒಳಗೆ ಬರುತ್ತದೆ. ನಾನು ಕಾಲು ಮೇಲೆತ್ತಿ ಕೂತೆ. 1959ರದ್ದರಲ್ಲಿ ಹಡಗುಗಳು ಪುಟ್ಟ ಮಾದರಿಗಳು, ಈಗ ನೋಡಿದರೆ ಮಕ್ಕಳು ತೊಟ್ಟಿಯಲ್ಲಿ ದೋಣಿ ಬಿಟ್ಟ ಹಾಗೆ ಕಾಣುತ್ತವೆ. ಆದರೂ ಹಡಗಿನ ಒಳಗೆ ಆ ನಗಾರಿ ಬಾರಿಸುವವನು ಇದ್ದಾನಲ್ಲ, ದಂಡನಾಯಕ ಒಂದೊಂದು ಸಲ ಹೇಳಿದಾಗಲೂ ಪೆಟ್ಟು ಜೋರಾಗುತ್ತಾ ಹೋಗಿ ಹುಟ್ಟು ಹಾಕುವವರು ಒಬ್ಬೊಬ್ಬರೇ ಕುಸಿಯುವುದು, ಅದರ ಮುಂದೆ ಯಾವ ಗ್ರಾಫಿಕ್ಸೂ ಇಲ್ಲ.

ಸರಿ, ಈಗ ಹೆಂಚಿನ ವಿಷಯ. ನನ್ನ ಪ್ರಕಾರ ಎರಡು ಸಿನಿಮಾಗಳ ವ್ಯತ್ಯಾಸ ಎಲ್ಲಾ ಈ ಒಂದು ಹೆಂಚಿನಲ್ಲಿದೆ.

ಹಳೆಯದರಲ್ಲಿ ರೋಮನ್ ರಾಜ್ಯಪಾಲನ ಮೆರವಣಿಗೆ ಬರುತ್ತಿರುತ್ತದೆ. ಜೂಡಾನ ತಂಗಿ ಮಾಳಿಗೆಯಿಂದ ಬಗ್ಗಿ ನೋಡುವಾಗ ಒಂದು ಸಡಿಲ ಹೆಂಚು ಜಾರಿ ಕೆಳಗೆ ಬೀಳುತ್ತದೆ, ಆತ ಕುದುರೆಯಿಂದ ಉರುಳುತ್ತಾನೆ. ಅಷ್ಟೇ. ಮನೆಮಂದಿಯನ್ನೆಲ್ಲ ಹಿಡಿದುಕೊಂಡು ಹೋಗುತ್ತಾರೆ. ಆಮೇಲೆ ಮೆಸಾಲಾ ಒಬ್ಬನೇ ಮೇಲೆ ಹತ್ತುತ್ತಾನೆ. ಅಲ್ಲಿರುವ ಹೆಂಚನ್ನು ಕೈಯಲ್ಲಿ ಮುಟ್ಟುತ್ತಾನೆ. ಅದೂ ಜಾರಿ ಬೀಳುತ್ತದೆ. ಅಂದರೆ ಇದು ಆಕಸ್ಮಿಕ ಅಂತ ಅವನಿಗೆ ಖಚಿತವಾಗಿ ಗೊತ್ತಾಯಿತು. ಗೊತ್ತಾದ ಮೇಲೂ ಗೆಳೆಯನನ್ನು ಜೀತಕ್ಕೆ, ಗೆಳೆಯನ ತಾಯಿ ತಂಗಿಯನ್ನು ಸೆರೆಮನೆಗೆ ಕಳಿಸುತ್ತಾನೆ. ಬಾಲ್ಯದ ಗೆಳೆಯನನ್ನೇ ಬಿಡಲಿಲ್ಲ ಅಂದರೆ ಊರೆಲ್ಲ ಹೆದರುತ್ತದೆ ಅನ್ನುವ ಲೆಕ್ಕ ಅವನದು. ಮುಂದಿನ ಎರಡೂವರೆ ಗಂಟೆಯ ಹಗೆಗೆ ಬೆಂಕಿ ಹತ್ತುವುದು ಇಲ್ಲಿ.

ಹೊಸದರಲ್ಲಿ ಹೆಂಚಿಲ್ಲ. ರೋಮ್ ವಿರುದ್ಧ ಬಂಡೆದ್ದ ಒಬ್ಬ ಹುಡುಗನಿಗೆ ಜೂಡಾ ಮನೆಯಲ್ಲಿ ಜಾಗ ಕೊಟ್ಟಿರುತ್ತಾನೆ, ಆ ಹುಡುಗ ಅಲ್ಲಿಂದಲೇ ರೋಮನ್ ರಾಜ್ಯಪಾಲ ಪಿಲಾತನ ಮೇಲೆ ಬಾಣ ಬಿಡುತ್ತಾನೆ. ಈಗ ನೀವೇ ಹೇಳಿ, ಮೆಸಾಲಾ ಏನು ಮಾಡಬೇಕಿತ್ತು? ಮನೆಯಿಂದ ಬಾಣ ಬಂದಿದೆ, ಬಿಟ್ಟವನಿಗೆ ಆಶ್ರಯ ಕೊಟ್ಟದ್ದೂ ನಿಜ. ತಪ್ಪನ್ನು ಇಬ್ಬರಿಗೂ ಸಮನಾಗಿ ಹಂಚಿಬಿಟ್ಟಿದ್ದಾರೆ. ಸಾಲದು ಅಂತ ಮೆಸಾಲಾನನ್ನು ಅದೇ ಮನೆಯಲ್ಲಿ ಸಾಕಿದ ಮಗ ಮಾಡಿ, ಜೂಡಾನ ತಂಗಿಯ ಮೇಲೆ ಪ್ರೀತಿ ಬೇರೆ ಇಟ್ಟಿದ್ದಾರೆ. ಕೇಳುವುದಕ್ಕೆ ಚೆನ್ನಾಗಿದೆ, ಕೆಬೆಲ್ ನಟನೆಯೂ ಚೆನ್ನಾಗಿದೆ, ಹ್ಯೂಸ್ಟನ್‌ಗಿಂತ ಅವನ ಮೇಲೇ ನನ್ನ ಕಣ್ಣಿತ್ತು. ಆದರೆ ಹೀಗೆ ಎಲ್ಲರಿಗೂ ಒಂದೊಂದು ಒಳ್ಳೆ ಕಾರಣ ಕೊಟ್ಟರೆ ಜಿದ್ದು ಎಲ್ಲಿಂದ ಬರಬೇಕು? ಕೂತು ಮಾತಾಡಿದ್ದರೆ ಮುಗಿಯುತ್ತಿದ್ದ ಆಸ್ತಿ ಜಗಳದ ಥರ ಆಗಿಬಿಟ್ಟಿದೆ.

ಅದಕ್ಕೇ ರಥದ ಓಟ ಬಂದಾಗ ನನಗೆ ಯಾರು ಗೆದ್ದರೂ ಒಂದೇ ಅನ್ನಿಸಿತು. ಓಟದಲ್ಲಿ ಖಂಡಿತ ಕೆಲಸ ಇದೆ. ರೋಮಿನ ಹತ್ತಿರ ದೊಡ್ಡ ಅಖಾಡದ ಸೆಟ್ ಹಾಕಿ, ನಟರಿಗೆ ರಥ ಓಡಿಸಲು ಕಲಿಸಿ, ನಿಜವಾದ ಕುದುರೆಗಳನ್ನೇ ಓಡಿಸಿದ್ದಾರೆ. ಆದರೆ ಕ್ಯಾಮೆರಾ ಒಂದು ಕಡೆ ನಿಂತರೆ ತಾನೆ? ಚಕ್ರ, ಗೊರಸು, ಮುಖ, ಧೂಳು, ಮತ್ತೆ ಚಕ್ರ. ಯಾವ ರಥ ಎಲ್ಲಿದೆ, ಯಾರು ಯಾರಿಗಿಂತ ಮುಂದೆ, ಒಂದೂ ತಿಳಿಯುವುದಿಲ್ಲ. ಮಧ್ಯೆ ಮಧ್ಯೆ ಕಂಪ್ಯೂಟರ್ ಕುದುರೆ ಪಲ್ಟಿ ಹೊಡೆಯುವುದು ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಮಾರನೇ ದಿನ ಹಳೇ ಓಟ ನೋಡಿ ದಂಗಾದೆ. ಸುಮಾರು ಒಂಬತ್ತು ನಿಮಿಷ. ಮಿಕ್ಲೋಷ್ ರೋಜಾ ಅವರ ಸಂಗೀತ ಸಿನಿಮಾ ಪೂರ್ತಿ ಮೊಳಗುತ್ತದೆ, ಓಟ ಶುರುವಾದ ಕೂಡಲೇ ಪೂರ್ತಿ ನಿಂತುಬಿಡುತ್ತದೆ. ಬರೀ ಗೊರಸಿನ ಸದ್ದು, ಚಾಟಿ, ಜನರ ಕೂಗು. ಸುತ್ತು ಮುಗಿದಂತೆ ಅಖಾಡದ ಮಧ್ಯದಲ್ಲಿ ಡಾಲ್ಫಿನ್ ಆಕಾರದ ಗೊಂಬೆಗಳು ತಲೆ ಕೆಳಗಾಗುತ್ತವೆ, ಹಾಗಾಗಿ ಎಷ್ಟು ಸುತ್ತು ಆಯಿತು ಅಂತ ನಮಗೂ ಲೆಕ್ಕ ಸಿಗುತ್ತದೆ. ಜೂಡಾನದು ಬಿಳಿ ಕುದುರೆ, ಮೆಸಾಲಾನದು ಕಪ್ಪು. ಎಷ್ಟೇ ಧೂಳೆದ್ದರೂ ಗುರುತು ತಪ್ಪುವುದಿಲ್ಲ. ಮುರಿದ ರಥದ ಮೇಲೆ ಜೂಡಾನ ಕುದುರೆಗಳು ಹಾರಿದಾಗ ಅವನು ಎಗರಿ ರಥದ ಮುಂದಕ್ಕೆ ಬೀಳುವ ಒಂದು ದೃಶ್ಯ ಇದೆಯಲ್ಲ, ಅದು ಸ್ಟಂಟ್‌ಮ್ಯಾನ್ ಜೋ ಕನುಟ್ ನಿಜವಾಗಿ ಎಗರಿದ್ದು. ಗದ್ದಕ್ಕೆ ಪೆಟ್ಟಾಯಿತು, ಬದುಕಿದ. ಆ ಶಾಟನ್ನೇ ಇಟ್ಟುಕೊಂಡು, ನಾಯಕ ಚಾರ್ಲ್‌ಟನ್ ಹೆಸ್ಟನ್ ವಾಪಸ್ ರಥ ಹತ್ತುವುದನ್ನು ಬೇರೆ ತೆಗೆದು ಸೇರಿಸಿದರು. (ಈ ಓಟದ ಶೂಟಿಂಗಿನಲ್ಲಿ ಒಬ್ಬ ಸತ್ತ ಅಂತ ಕಥೆ ಹೇಳುವವರು ಇನ್ನೂ ಇದ್ದಾರೆ. ಸುಳ್ಳು.)

ಇನ್ನು ಆ ಕುದುರೆಗಳ ಬಗ್ಗೆ ಒಂದು ಮಾತು. ಅವುಗಳ ಒಡೆಯ, ಅರಬ್ ಶೇಖ್ ಇಲ್ದೆರಿಮ್, ಅವನ್ನು ಡೇರೆಯ ಒಳಗೇ ಕರೆಸಿಕೊಂಡು, ನಕ್ಷತ್ರಗಳ ಹೆಸರಿಟ್ಟು ಕರೆದು, ಮುದ್ದುಮಾಡಿ ಮಲಗಲು ಕಳಿಸುತ್ತಾನೆ. ನಮ್ಮ ಕಡೆ ಹಳ್ಳಿಕಾರ್ ಜೋಡಿ ಸಾಕಿದವರು ಎತ್ತಿನ ಹತ್ತಿರ ಮಾತಾಡುವುದು ಥೇಟ್ ಹೀಗೇ. ಆ ಪಾತ್ರಕ್ಕೆ ವೇಲ್ಸಿನ ನಟ ಹ್ಯೂ ಗ್ರಿಫಿತ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡಿದ್ದಾರೆ, ಅದು ಈಗ ನೋಡುವಾಗ ಇರುಸುಮುರುಸು. ಆಸ್ಕರ್ ಬೇರೆ ಬಂದಿದೆ ಅದಕ್ಕೆ.

ಕೊನೆಯ ಭಾಗದ ಬಗ್ಗೆ ಹೇಳಿದರೆ ಕಥೆ ಬಿಟ್ಟುಕೊಟ್ಟ ಹಾಗಾಗುತ್ತದೆ, ಬೇಡದವರು ಈ ಪ್ಯಾರಾ ಬಿಡಿ. ಹಳೆಯದರಲ್ಲಿ ಓಟ ಸೋತು, ಮೈ ಚಿಂದಿಯಾಗಿ ಮಲಗಿದ್ದರೂ ಮೆಸಾಲಾ ಸೋಲು ಒಪ್ಪುವುದಿಲ್ಲ. ತೊಡೆ ಮುರಿದು ಬಿದ್ದ ದುರ್ಯೋಧನನ ಛಲ ಅದು. ಜೂಡಾನ ತಾಯಿ ತಂಗಿ ಕುಷ್ಠ ಹತ್ತಿ ಎಲ್ಲಿದ್ದಾರೆ ಅಂತ ಹೇಳಿ, ಆಟ ಇನ್ನೂ ಮುಗಿದಿಲ್ಲ ಅಂತ ಮಾತಲ್ಲೇ ಇರಿದು ಸಾಯುತ್ತಾನೆ. ಜೂಡಾ ಗೆದ್ದಿದ್ದಾನೆ, ಆದರೆ ವಿಷ ಈಗ ಅವನೊಳಗೆ ಸೇರಿದೆ. ನೀನೇ ಮೆಸಾಲಾ ಆಗಿಬಿಟ್ಟೆ ಅನ್ನುವ ಅರ್ಥದ ಮಾತನ್ನು ಅವನ ಪ್ರೇಯಸಿ ಎಸ್ತರ್ ಮುಖಕ್ಕೇ ಹೇಳುತ್ತಾಳೆ. ಅದು ಇಳಿಯುವುದಕ್ಕೆ ಏಸುವನ್ನು ಶಿಲುಬೆಗೆ ಏರಿಸುವವರೆಗೆ ಕಾಯಬೇಕು. ಹೊಸದರಲ್ಲಿ ಮೆಸಾಲಾ ಸಾಯುವುದೇ ಇಲ್ಲ. ಒಂದು ಕಾಲು ಹೋಗಿರುತ್ತದೆ. ಜೂಡಾ ಬರುತ್ತಾನೆ, ಮೆಸಾಲಾ ಚಾಕು ತೆಗೆಯುತ್ತಾನೆ, ಆಮೇಲೆ ತಬ್ಬಿಕೊಂಡು ಅಳುತ್ತಾರೆ, ಆಮೇಲೆ ಒಂದು ಪಾಪ್ ಹಾಡು. ಕ್ಷಮಿಸುವುದು ದೊಡ್ಡದೇ, ಇಲ್ಲ ಅನ್ನಲಿಲ್ಲ. ಐದು ವರ್ಷ ಸರಪಳಿಯಲ್ಲಿದ್ದವನು ಐದು ನಿಮಿಷದಲ್ಲಿ ಕ್ಷಮಿಸಿದರೆ ನಂಬುವುದು ಹೇಗೆ?

ಏಸುವಿನ ವಿಷಯದಲ್ಲೂ ಹೀಗೇ. ವೈಲರ್ ಆತನ ಮುಖ ತೋರಿಸುವುದೇ ಇಲ್ಲ. ಬಾಯಾರಿ ಬಿದ್ದ ಜೂಡಾನಿಗೆ ಯಾರೋ ನೀರು ಕೊಡುತ್ತಾರೆ, ತಡೆಯಲು ಬಂದ ಸೈನಿಕ ಆ ಮುಖ ನೋಡಿ ಏನೂ ಮಾಡಲಾಗದೆ ಹಿಂದೆ ಸರಿಯುತ್ತಾನೆ. ನಮಗೆ ಕಾಣುವುದು ಬೆನ್ನು ಮಾತ್ರ. ಹೊಸ ಏಸು ರೊಡ್ರಿಗೊ ಸಾಂಟೊರೊ, ನೋಡಲು ಚೆನ್ನಾಗಿದ್ದಾರೆ, ಬಡಗಿ ಕೆಲಸ ಮಾಡುತ್ತಾ ಉಪದೇಶ ಹೇಳುತ್ತಾರೆ. ಅಷ್ಟೇ.

ನೋಡಬೇಕು ಅಂತಿದ್ದರೆ ಹೊಸದಕ್ಕೆ ಐದಕ್ಕೆ ಎರಡು, ಆ ಎರಡೂ ಹಡಗಿಗೆ. ಹಳೆಯದು 212 ನಿಮಿಷ ಅಂತ ಹೆದರಬೇಡಿ, ನಡುವೆ ಇಂಟರ್‌ವಲ್ ಇದೆ, ಎರಡು ರಾತ್ರಿಗೆ ಹಂಚಿಕೊಳ್ಳಬಹುದು. ಫೋನಿನಲ್ಲಿ ಮಾತ್ರ ಬೇಡ. ಚಿತ್ರದ ಅಗಲ ಎತ್ತರಕ್ಕಿಂತ 2.76 ಪಟ್ಟು, ಫೋನಿನಲ್ಲಿ ರಿಬ್ಬನ್ ಥರ ಕಾಣುತ್ತದೆ. ಶುರುವಿನಲ್ಲಿ ಸುಮಾರು ಆರು ನಿಮಿಷ ಒಂದು ವರ್ಣಚಿತ್ರ, ಹಿಂದೆ ಸಂಗೀತ, ಬೇರೇನೂ ಇಲ್ಲ. ನಾನು ಟಿವಿ ಹ್ಯಾಂಗ್ ಆಯ್ತು ಅಂದುಕೊಂಡು ರಿಮೋಟ್ ಒತ್ತುತ್ತಾ ಕೂತಿದ್ದೆ.

ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಶನಿವಾರ ರಥದ ಓಟಕ್ಕೆ ಮೊದಲೇ ಎದ್ದು ಹೋಗಿ ಮಲಗಿದ್ದರು. ಭಾನುವಾರ ಪೂರ್ತಿ ಕೂತರು. ಬೆಳಿಗ್ಗೆ ಕಾಫಿ ಕೊಡುತ್ತಾ ಕೇಳಿದರು, “ಅಲ್ವೋ, ಆ ಹೆಂಚು ಮುಟ್ಟಿ ನೋಡಿದನಲ್ಲ ಅವನು. ಗೊತ್ತಾದ ಮೇಲೂ ಕಳಿಸಿದನಾ?”