ಚಿಲ್ಡ್ ವಾಟರ್ ಪೈಪಿಗೆ ಪಫ್ ಸಪೋರ್ಟ್: ಸರ್ಕಾರಿ ಕಾಮಗಾರಿಗೆ ಕೊಳ್ಳುವ ಮುನ್ನ

ಎಸಿಯ ತಣ್ಣೀರು ಹರಿಯುವ ಚಿಲ್ಡ್ ವಾಟರ್ ಪೈಪಿನಡಿ ಕೂರಿಸುವ ರೆಡಿಮೇಡ್ ಪಫ್ (ಪಾಲಿಯುರೆಥೇನ್ ಫೋಮ್) ಸಪೋರ್ಟ್, ಡಾಂಬರು ಬಳಿದ ಮರದ ಬ್ಲಾಕಿಗಿಂತ ಖಂಡಿತ ಮೇಲು. ಮರ ಸುಮಾರು ನಾಲ್ಕು ಪಟ್ಟು ಹೆಚ್ಚು ಶಾಖ ದಾಟಿಸುತ್ತದೆ, ತೇವ ಕುಡಿದರೆ ಇನ್ನೂ ಜಾಸ್ತಿ. ಬೆಲೆ ಹೆಚ್ಚಾದರೂ ಕೊಳ್ಳಬಹುದು. ಆದರೆ ಆರ್ಡರ್‌ನಲ್ಲಿ ಇಂಚು ಬರೆಯಬೇಡಿ, ಪೈಪಿನ ಹೊರವ್ಯಾಸವನ್ನು ಮಿಲಿಮೀಟರ್‌ನಲ್ಲಿ ಬರೆಯಿರಿ.

ಭಾರತೀಯ ಮಾನದಂಡ ಐಎಸ್ 1239ರಲ್ಲಿ ಹೆಸರಿಗೆ 150 ಎಂಎಂ ಎನ್ನುವ ಪೈಪಿನ ಹೊರವ್ಯಾಸ 165.1. ಅಮೆರಿಕನ್ ಅಳತೆಯ 6 ಇಂಚಿನದು 168.3. ಆ ಅಳತೆಗೆ ಮಾಡಿದ ಬ್ಲಾಕ್ ನಮ್ಮ ಪೈಪಿಗೆ ಸಲೀಸಾಗಿ ಮುಚ್ಚಿಕೊಳ್ಳುತ್ತದೆ, ಒಳಗೆ ಗಾಳಿಯ ಸಂದು ಉಳಿಯುತ್ತದೆ, ಅಲ್ಲೇ ನೀರು ಕಟ್ಟುತ್ತದೆ. 65 ಎಂಎಂನಲ್ಲಿ ಇದು ತಿರುಗುಮುರುಗು: ನಮ್ಮದು 76.1, ಅವರದು 73.0. ಬ್ಲಾಕಿನ ಎರಡು ಹೋಳು ಪೈಪಿನ ಸುತ್ತ ಕೂಡುವುದೇ ಇಲ್ಲ. 80 ಮತ್ತು 100ರಲ್ಲಿ ಎರಡೂ ಒಂದೇ. ಹಾಗಾಗಿ ಸ್ಯಾಂಪಲ್ಲನ್ನು 100ರಲ್ಲಿ ನೋಡಿ ಒಪ್ಪಿದರೆ ತಪ್ಪು ಸಿಗುವುದೇ ಇಲ್ಲ.

ಡೆನ್ಸಿಟಿ ಎರಡನೇ ಪರೀಕ್ಷೆ. ನೀರು ತುಂಬಿದ 150ರ ಪೈಪು ಮೀಟರಿಗೆ ಸುಮಾರು 38 ಕೆಜಿ, ಮೂರು ಮೀಟರಿಗೊಂದು ಸಪೋರ್ಟ್ ಎಂದರೆ 115 ಕೆಜಿ. ಗೋಡೆಗೆ ಬಳಸುವ ಹಗುರ ಪಫ್ ಈ ಭಾರಕ್ಕೆ ಕಾಲಕ್ರಮೇಣ ಕುಸಿಯುತ್ತದೆ, ಕ್ಲ್ಯಾಂಪ್ ಸಡಿಲಾಗುತ್ತದೆ. ಪ್ರಮಾಣಪತ್ರದ ಜೊತೆಗೆ ತಕ್ಕಡಿಯೂ ಇರಲಿ: 50 ಎಂಎಂ ದಪ್ಪ, 100 ಎಂಎಂ ಉದ್ದದ 150ರ ಜೋಡಿ ಬ್ಲಾಕ್ ಘನಮೀಟರಿಗೆ 160 ಕೆಜಿ ಡೆನ್ಸಿಟಿಯದಾದರೆ, ಮೇಲಿನ ತಗಡು ಬಿಟ್ಟು ಸುಮಾರು 540 ಗ್ರಾಂ ತೂಗಬೇಕು. 200 ಗ್ರಾಂ ಬಂದರೆ ಅದು 60 ಕೆಜಿ ಡೆನ್ಸಿಟಿಯ ಮಾಲು, ವಾಪಸ್ ಕಳಿಸಿ. ಟೆಸ್ಟ್ ರಿಪೋರ್ಟಿನಲ್ಲಿ ಬ್ಯಾಚ್ ನಂಬರ್ ಇದೆಯೇ, ಡೆನ್ಸಿಟಿ ಮತ್ತು ಒತ್ತಡ ಸಾಮರ್ಥ್ಯವನ್ನು ಐಎಸ್ 11239ರಂತೆ ನೋಡಿದ್ದಾರೆಯೇ ಎಂದೂ ಕೇಳಿ. ಹಳೆಯ ರಿಪೋರ್ಟಿನ ಜೆರಾಕ್ಸ್‌ನಿಂದ ಪ್ರಯೋಜನವಿಲ್ಲ.

ಕೂರಿಸುವಾಗ ಎಡವುವುದು ಅಂಚಿನಲ್ಲಿ. ಬ್ಲಾಕಿನ ದಪ್ಪ, ಪಕ್ಕದಲ್ಲಿ ಪೈಪಿಗೆ ಹೊದಿಸಿದ ರಬ್ಬರಿನಂಥ ನೈಟ್ರೈಲ್‌ನಷ್ಟೇ ಇರಬೇಕು. ಬ್ಲಾಕಿನ ಉದ್ದ ಕ್ಲ್ಯಾಂಪಿನ ಅಗಲಕ್ಕಿಂತ ಹೆಚ್ಚಿರಲಿ, ಇಲ್ಲದಿದ್ದರೆ ಟೇಪ್ ಸುತ್ತಲು ಜಾಗವೇ ಇರದು. ನೈಟ್ರೈಲನ್ನು ತುಸು ಉದ್ದ ಕತ್ತರಿಸಿ, ಎರಡೂ ಮುಖಕ್ಕೆ ಅಂಟು ಬಳಿದು, ಒತ್ತಿ ಕೂಡಿಸಬೇಕು. ಬ್ಲಾಕಿನ ಕೊಯ್ದ ಮುಖ ಹಾಗೇ ಬಿಟ್ಟರೆ ತೇವ ಒಳಗೆ ನುಗ್ಗುತ್ತದೆ. ಮಂಗಳೂರಿನ ಮಳೆಗಾಲದಂತೆ 30 ಡಿಗ್ರಿ, 85 ಶೇಕಡಾ ಆರ್ದ್ರತೆ ಇದ್ದರೆ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗುವ ಉಷ್ಣತೆ) 27 ಡಿಗ್ರಿ. 7 ಡಿಗ್ರಿ ನೀರಿರುವ ಪೈಪಿನಲ್ಲಿ ಸಣ್ಣ ಬಿರುಕೂ ಫಾಲ್ಸ್ ಸೀಲಿಂಗ್ ಕೆಡಿಸಲು ಸಾಕು. ಹತ್ತಿರದ ವೆಲ್ಡಿಂಗ್ ಮೊದಲೇ ಮುಗಿದಿರಲಿ, ಕಿಡಿ ಬಿದ್ದರೆ ಪಫ್ ಸುಡುತ್ತದೆ.

ಸಿಪಿಡಬ್ಲ್ಯುಡಿ (ಕೇಂದ್ರ ಲೋಕೋಪಯೋಗಿ ಇಲಾಖೆ) ಗುತ್ತಿಗೆಯಲ್ಲಿ ಶೆಡ್ಯೂಲ್ ಐಟಂನ, ಅಂದರೆ ಕೆಲಸದ ಪಟ್ಟಿಯಲ್ಲಿನ ಬಾಬಿನ, ವಿವರಣೆಗೂ ಸಾಮಾನ್ಯ ಸ್ಪೆಸಿಫಿಕೇಷನ್ನಿಗೂ ತಾಳೆಯಾಗದಿದ್ದರೆ ಐಟಂ ವಿವರಣೆಯದೇ ಮೇಲುಗೈ. ಐಟಂನಲ್ಲಿ ಮರ ಎಂದಿದ್ದರೆ, ಪಫ್ ಹಾಕುವ ಮುನ್ನ ಇಂಜಿನಿಯರರ ಲಿಖಿತ ಒಪ್ಪಿಗೆ ಪಡೆಯಿರಿ. ಸ್ಟೀಮ್ ಲೈನಿಗೆ ಮಾತ್ರ ಈ ಮಾಲು ಬೇಡವೇ ಬೇಡ, ಅಲ್ಲಿಗೆ ಕ್ಯಾಲ್ಸಿಯಂ ಸಿಲಿಕೇಟ್ ಬ್ಲಾಕ್ ತರಿಸಿ.